ತೊಡೆಗೆ ಮೊದಲು ಅಡ್ರಿನಲಿನ್, ಏವಿಲ್ ಆಮೇಲೆ

ಸಿದ್ದಾಪುರ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ತಾಯಿಗೆ ಮಂಡಿನೋವು. ಊರಿನ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿದರು. ಸ್ವಲ್ಪ ಹೊತ್ತಿಗೇ ಅಂಗೈ, ಅಂಗಾಲು ತುರಿಸತೊಡಗಿತು. ವಾಂತಿಯಾಯಿತು. ಬಾತ್‌ರೂಮಿಗೆಂದು ಎದ್ದವರು ಕುಸಿದರು. ಅಲ್ಲಿ ಏವಿಲ್ (ಅಲರ್ಜಿಯ ತುರಿಕೆಗೆ ಕೊಡುವ ಔಷಧ) ಮತ್ತು ಸ್ಟೀರಾಯ್ಡ್ ಕೊಟ್ಟರೂ ಹುಷಾರಾಗಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಕೊಟ್ಟ ಮೇಲೆ ಚೇತರಿಸಿಕೊಂಡರು. "ಹೋದ ವರ್ಷವೂ ಇದೇ ನೋವಿಗೆ ಇಂಜೆಕ್ಷನ್ ಹಾಕಿಸಿದ್ದೆವು, ಏನೂ ಆಗಿರಲಿಲ್ಲ. ಅಕ್ಕಪಕ್ಕದವರು ಉಷ್ಣ ಆಗಿದೆ ಅಂತಾರೆ. ಮನೆಯಲ್ಲಿ ಏವಿಲ್ ಮಾತ್ರೆ ಇಟ್ಟುಕೊಂಡರೆ ಸಾಕಾ? ಇನ್ನು ಮೇಲೆ ಇಂಜೆಕ್ಷನ್ನೇ ಬೇಡವಾ?"

ಸಂಪಾದಕರ ಉತ್ತರ:

ತಾಯಿಯವರು ಈಗ ಆರಾಮಾಗಿದ್ದಾರೆ ಅಂತ ಓದಿ ಸಮಾಧಾನವಾಯಿತು. ಅವರಿಗೆ ಆದದ್ದು ಉಷ್ಣ ಅಲ್ಲ. ನೀವು ಬರೆದಿರುವುದನ್ನು ನೋಡಿದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ಅಲರ್ಜಿ. ಹೋದ ವರ್ಷ ಏನೂ ಆಗಿರಲಿಲ್ಲ ಅನ್ನುವುದಕ್ಕೂ ಇದಕ್ಕೂ ವಿರೋಧವಿಲ್ಲ. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ನಿಮಿಷಗಳಲ್ಲೇ ಸತ್ತುಹೋಯಿತು. ಈ ಕೆಲಸಕ್ಕೆ ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಂತು. ಮೊದಲ ಸಲವೇ ಮೈ ಆ ವಸ್ತುವನ್ನು ಗುರುತಿಟ್ಟುಕೊಂಡಿರುತ್ತದೆ. ಮುಂದಿನ ಸಲ ತಿರುಗಿ ಬೀಳುತ್ತದೆ.

ಹಾಗೆ ತಿರುಗಿ ಬಿದ್ದಾಗ ರಕ್ತನಾಳಗಳು ಸಡಿಲವಾಗಿ ಬಿಪಿ ಇಳಿಯುತ್ತದೆ, ಉಸಿರಿನ ನಾಳ ಬಿಗಿಯುತ್ತದೆ, ಗಂಟಲು, ನಾಲಿಗೆ ಊದಿಕೊಳ್ಳಬಹುದು. ಈ ಮೂರನ್ನೂ ಬೇಗ ಹಿಮ್ಮೆಟ್ಟಿಸುವ ಔಷಧ ಅಡ್ರಿನಲಿನ್ ಒಂದೇ. ಏವಿಲ್ ತುರಿಕೆ, ಗಂಧೆ ಕಡಿಮೆ ಮಾಡುತ್ತದೆ, ಬಿಪಿ ಎತ್ತುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳೇ ಬೇಕು. ಹಾಗಾಗಿ ಮನೆಯಲ್ಲಿ ಏವಿಲ್ ಇದೆ ಅಂತ ಧೈರ್ಯವಾಗಿ ಕೂರಬೇಡಿ. ತುರಿಕೆ ನಿಂತಿತು ಅಂತ ಕಾಯುತ್ತಾ ಕೂತರೆ ಅಷ್ಟರಲ್ಲಿ ಉಸಿರು ಕಟ್ಟಬಹುದು.

ಈ ಅಂಕಣ ಓದುವ ವೈದ್ಯರು, ನರ್ಸ್‌ಗಳು ಇದ್ದಾರೆ. ಅವರಿಗೂ ಹೇಳುತ್ತೇನೆ. ಒಂದು ಮಿಲಿಲೀಟರಿನ ಆಂಪ್ಯೂಲ್‌ನಲ್ಲಿ ಒಂದು ಮಿಲಿಗ್ರಾಂ ಅಡ್ರಿನಲಿನ್ ಇರುತ್ತದೆ. ದೊಡ್ಡವರಿಗೆ ಅದರಲ್ಲಿ ಅರ್ಧ, ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ತೊಡೆಯ ಹೊರಬದಿಯ ನಡುಭಾಗದ ಮಾಂಸಖಂಡಕ್ಕೆ ಕೊಡಬೇಕು. ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಇನ್ನೊಮ್ಮೆ. ದುಬಾರಿ ಔಷಧವೇನೂ ಅಲ್ಲ. ಇಂಜೆಕ್ಷನ್ ಕೊಡುವ ಪ್ರತಿ ಕ್ಲಿನಿಕ್‌ನಲ್ಲೂ ಅದು ಕೈಗೆಟುಕುವ ಜಾಗದಲ್ಲಿ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ.

ಇನ್ನು ಮನೆಯವರು ಏನು ಮಾಡಬೇಕು? ತಾಯಿ ಎದ್ದಾಗಲೇ ಕುಸಿದರು ಅಂತ ಬರೆದಿದ್ದೀರಿ. ಅದು ಕಾಕತಾಳೀಯ ಅಲ್ಲ. ಬಿಪಿ ಇಳಿದವರು ನಿಂತರೆ ರಕ್ತವೆಲ್ಲ ಕಾಲಿಗಿಳಿದು ಹೃದಯಕ್ಕೆ ಸಾಲದೇ ಹೋಗುತ್ತದೆ. ಮಲಗಿಸಿ, ಕಾಲು ಎತ್ತರದಲ್ಲಿಡಿ. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಕೂರಿಸಿ. ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ಆಟೋವರೆಗೆ ನಡೆಸಿಕೊಂಡು ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಹುಷಾರಾದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿ, ಲಕ್ಷಣಗಳು ಮತ್ತೆ ಮರುಕಳಿಸುವುದುಂಟು.

ಸೂಜಿ ಕಂಡರೇ ತಲೆಸುತ್ತಿ ಬೀಳುವವರೂ ಇದ್ದಾರೆ, ಅಲ್ವಾ? ಅವರ ಮುಖ ಬಿಳಿಚಿಕೊಳ್ಳುತ್ತದೆ, ನಾಡಿ ನಿಧಾನವಾಗುತ್ತದೆ, ಮಲಗಿಸಿದ ಕೂಡಲೇ ಸರಿಹೋಗುತ್ತಾರೆ. ಅಲರ್ಜಿಯಲ್ಲಿ ಸಾಮಾನ್ಯವಾಗಿ ನಾಡಿ ಜೋರಾಗಿ ಓಡುತ್ತದೆ, ತುರಿಕೆ, ಗಂಧೆ, ಉಬ್ಬಸ, ಹೊಟ್ಟೆನೋವು ಜೊತೆಗೂಡುತ್ತವೆ. ಆದರೆ ಮೈಮೇಲೆ ಒಂದು ದದ್ದೂ ಏಳದೆ ನೇರ ಬಿಪಿ ಕುಸಿಯುವುದೂ ಇದೆ. ಅನುಮಾನ ಬಂದರೆ ಅಡ್ರಿನಲಿನ್ ಕೊಡುವುದೇ ಸರಿ.

ಇನ್ನೊಂದು ಬಗೆಯ ಅಲರ್ಜಿ ಇದೆ. ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫಿನಿಟಾಯಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್, ಸಲ್ಫಾ ಮಾತ್ರೆಗಳು, ಇವುಗಳಲ್ಲಿ ಯಾವುದನ್ನಾದರೂ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಜ್ವರ, ಕಣ್ಣುರಿ, ಬಾಯಿ ತುಂಬ ಹುಣ್ಣು, ಮುಟ್ಟಿದರೆ ನೋಯುವ ಚರ್ಮ, ಗುಳ್ಳೆ ಕಂಡರೆ ಅದು ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಇರಬಹುದು. ಆಗ ಚರ್ಮ ಸುಟ್ಟಗಾಯದ ಹಾಗೆ ಸುಲಿದು ಬರುತ್ತದೆ. 'ಅಮ್ಮ ಆಗಿದೆ' ಅಂತ ಬೇವಿನಸೊಪ್ಪು ಹಾಸಿ ಮನೆಯಲ್ಲೇ ಮಲಗಿಸಬೇಡಿ. ಆ ಮಾತ್ರೆ ಅಲ್ಲಿಗೇ ನಿಲ್ಲಿಸಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ, ಸ್ಟ್ರಿಪ್ ಕೈಯಲ್ಲೇ ಇರಲಿ. ಫಿಟ್ಸ್ ಮಾತ್ರೆಯಾದರೆ ಬದಲಿಗೆ ಏನು ಕೊಡಬೇಕು ಅಂತ ಅಲ್ಲಿಯೇ ನಿರ್ಧರಿಸುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಲ್ಲ ಇಂಜೆಕ್ಷನ್ನೂ ಬೇಡ ಅಂತ ಬಾಗಿಲು ಹಾಕಿಕೊಂಡರೆ, ನಾಳೆ ಬೇಕೇಬೇಕಾದ ಔಷಧವೂ ಸಿಗದೆ ಹೋಗುತ್ತದೆ. ಪೆನ್ಸಿಲಿನ್ ಆಗಿಬರುವುದಿಲ್ಲ ಅಂತ ಹೇಳಿಕೊಂಡು ತಿರುಗುವವರನ್ನು ಸರಿಯಾಗಿ ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಅಲರ್ಜಿಯೇ ಇರುವುದಿಲ್ಲ. ನಿಮಗೆ ಬೇಕಿರುವುದು ಆ ಒಂದು ಔಷಧದ ಹೆಸರು. ಕ್ಲಿನಿಕ್‌ಗೆ ಹೋಗಿ ಕೇಳಿ. ಜಗಳ ಬೇಡ, ಆದರೆ ಹೆಸರು ಬರೆಸಿಕೊಳ್ಳದೆ ಎದ್ದು ಬರಬೇಡಿ. ಅದು ನಿಮ್ಮ ಹಕ್ಕು. ಕಂಪನಿ ಹೆಸರಿನ ಜೊತೆ ಒಳಗಿನ ಔಷಧದ ಹೆಸರೂ ಬೇಕು. ತಾರೀಕು, ಎಷ್ಟು ನಿಮಿಷಕ್ಕೆ ಏನಾಯಿತು ಅನ್ನುವುದನ್ನೂ ಬರೆದು ತಾಯಿಯ ಪರ್ಸ್‌ನಲ್ಲಿಡಿ, ಮೊಬೈಲ್‌ನಲ್ಲೂ ಫೋಟೋ ಇರಲಿ. ನಾಲ್ಕಾರು ವಾರ ಬಿಟ್ಟು ಅಲರ್ಜಿ ತಜ್ಞರಿಗೆ ತೋರಿಸಿ. ಔಷಧದ ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ಸಂಖ್ಯೆ ಇದೆ: 1800-180-3024. ಯಾರು ಬೇಕಾದರೂ ಫೋನ್ ಮಾಡಬಹುದು.

ತಾಯಿಗೆ ಹಾಕಿದ ಇಂಜೆಕ್ಷನ್ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಅದೇ ಗುಂಪಿನ ಐಬುಪ್ರೊಫೆನ್, ಆಸ್ಪಿರಿನ್ ಕೂಡ ಕೆಲವರಿಗೆ ಆಗಿಬರುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಮೈಕೈ ನೋವಿಗೆ ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಇವು ಸೇರಿರುತ್ತವೆ. ತಜ್ಞರು ಹೇಳುವವರೆಗೆ ತಾಯಿಗೆ ವೈದ್ಯರ ಚೀಟಿ ಇಲ್ಲದೆ ಯಾವ ನೋವಿನ ಮಾತ್ರೆಯನ್ನೂ ಕೊಡಿಸಬೇಡಿ.