ಕೊಡಗಿನ ಹೋಟೆಲ್ ಊಟ ನಿಜವಾಗಿ ಕೊಡಗಿನದೇ ಅಂತ ಹೇಗೆ ತಿಳಿಯುವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಮನೆಯವರ ಜೊತೆ ಎರಡು ದಿನ ಮಡಿಕೇರಿಗೆ ಬರುತ್ತಿದ್ದೀರಿ, ಎಲ್ಲ ಬೋರ್ಡಿನಲ್ಲೂ ಕೊಡಗು ಶೈಲಿ ಅಂತ ಬರೆದಿರುತ್ತದೆ, ಅದರಲ್ಲಿ ಒಳ್ಳೆಯದನ್ನು ಹುಡುಕುವುದು ಹೇಗೆ. ಜೊತೆಗೆ ಇಬ್ಬರು ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ. ನಾನು ವಿರಾಜಪೇಟೆ ಕಡೆಯವನು, ಹೊರಗೆ ಊಟ ಮಾಡುವುದು ಜಾಸ್ತಿ. ನನಗೆ ತಿಳಿದದ್ದು ಹೇಳುತ್ತೇನೆ.

ಬರುವವರೆಲ್ಲ ಪಂದಿ ಕರಿ, ಅಂದರೆ ಹಂದಿ ಮಾಂಸದ ಕರಿ, ತಿಂದು ಹೋಟೆಲ್ ಅಳೆಯುತ್ತಾರೆ. ನಾನು ಮೊದಲು ನೋಡುವುದು ಅದರ ಜೊತೆ ತಿನ್ನುವ ಪುಟ್ಟು, ಅಂದರೆ ಅಕ್ಕಿಯಿಂದ ಹಬೆಯಲ್ಲಿ ಮಾಡುವ ತಿಂಡಿ. ಪಂದಿ ಕರಿ ಒಂದು ದಿನ ಇಟ್ಟರೂ ಕೆಡುವುದಿಲ್ಲ, ಮರುದಿನ ರುಚಿ ಇನ್ನೂ ಹೆಚ್ಚು. ಹಾಗಾಗಿ ಬೆಳಿಗ್ಗೆ ಯಾರೋ ಒಬ್ಬ ಒಳ್ಳೆ ಅಡುಗೆಯವರು ಬಂದು ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟು ಹೋದರೂ ಇಡೀ ದಿನ ಅದೇ ನಡೆಯುತ್ತದೆ. ಪುಟ್ಟು ಹಾಗಲ್ಲ. ಕಡಂಬುಟ್ಟು ಅಂದರೆ ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಇಟ್ಟದ್ದು. ಬಿಸಿ ಇರುವಾಗ ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಿಡಿಸಿಕೊಳ್ಳುತ್ತದೆ. ಆರಿದರೆ ಮೇಲೆ ಸಿಪ್ಪೆ ಕಟ್ಟಿ ಗಟ್ಟಿಯಾಗುತ್ತದೆ. ಅದನ್ನೇ ಮತ್ತೆ ಹಬೆಗೆ ಇಟ್ಟು ತಂದರೆ ಹೊರಗೆ ಅಂಟು, ಒಳಗೆ ಕಲ್ಲು. ನೂಪುಟ್ಟು ಅಂದರೆ ಅಕ್ಕಿ ಶಾವಿಗೆ, ಅದರ ಎಳೆ ಬಿಡಿಬಿಡಿಯಾಗಿರಬೇಕು, ಅಂಚು ಒಣಗಿರಬಾರದು. ಹಿಟ್ಟು ಬಿಸಿ ಇರುವಾಗಲೇ ಒರಳಿನಲ್ಲಿ ಒತ್ತಬೇಕು, ಕೈಗೆ ಒಳ್ಳೆ ಕೆಲಸ. ಸಪ್ಲೈಯರ್ ಬಂದು 'ನೂಪುಟ್ಟು ಆಗಲು ಸ್ವಲ್ಪ ಹೊತ್ತು ಬೇಕು' ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಕಾಯಿರಿ. ಅಂಥ ಹೋಟೆಲ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಆಮೇಲೆ ಪಂದಿ ಕರಿ. ಬಣ್ಣ ಕಪ್ಪಿಗೆ ಹತ್ತಿರ ಇರಬೇಕು. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಒಳ್ಳೆಮೆಣಸು (ಕಾಳುಮೆಣಸು) ಎಲ್ಲವನ್ನೂ ಚೆನ್ನಾಗಿ ಕಪ್ಪಗಾಗುವ ತನಕ ಹುರಿದು ಪುಡಿ ಮಾಡುವುದರಿಂದ ಆ ಬಣ್ಣ ಬರುತ್ತದೆ, ಉಳಿದದ್ದು ಕಾಚಂಪುಳಿಯಿಂದ. ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಒಂದು ಹುಳಿ ಹಣ್ಣಿನ ರಸ ತೆಗೆದು, ಒಲೆಯ ಮೇಲೆ ಇಟ್ಟು ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿದ್ದು ಕಾಚಂಪುಳಿ. ಒಂದು ಕೆಜಿ ಮಾಂಸಕ್ಕೆ ಒಂದೆರಡು ಚಮಚ ಸಾಕು, ಅದೂ ಕೊನೆಯಲ್ಲಿ. ಮಾಂಸ ಹಾಳಾಗದಂತೆ ಕಾಯುವುದೂ ಇದೇ ಹುಳಿ. ಅದರ ಬೆಲೆ ಜಾಸ್ತಿ, ಆದ್ದರಿಂದ ಕೆಲವು ಕಡೆ ನಿಂಬೆಹಣ್ಣು ಅಥವಾ ವಿನೆಗರ್ ಹಾಕುತ್ತಾರೆ. ನಿಂಬೆ ಬಾಯಿಗೆ ಇಟ್ಟ ಕೂಡಲೇ ನಾಲಿಗೆ ತುದಿಗೆ ಹೊಡೆಯುತ್ತದೆ. ಕಾಚಂಪುಳಿ ನಿಧಾನ, ಮೊದಲು ಮಸಾಲೆ, ಆಮೇಲೆ ಹುಳಿ, ನುಂಗಿದ ಮೇಲೂ ಗಂಟಲಲ್ಲಿ ಇರುತ್ತದೆ. ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ.

ಟೊಮೆಟೊ ಹಾಕಿದ ಕೆಂಪು ಗ್ರೇವಿ ಬಂದರೆ ಅದು ಬೇರೆ ಏನೋ ಅಡುಗೆ. ಹೆದ್ದಾರಿ ಪಕ್ಕದ ಒಂದು ಹೋಟೆಲ್‌ನಲ್ಲಿ ಮೇಲೆ ಕಸೂರಿ ಮೇತಿ ಉದುರಿಸಿ ಪಂದಿ ಕರಿ ಅಂತ ಕೊಟ್ಟರು, ನನಗೆ ನಿಜಕ್ಕೂ ಸಿಟ್ಟು ಬಂತು, ಯಾಕೆಂದರೆ ಪಕ್ಕದ ಮೇಜಿನಲ್ಲಿ ಮೊದಲ ಸಲ ಬಂದವರು ಕೊಡಗಿನ ಊಟ ಅಂದರೆ ಇದೇ ಅಂದುಕೊಂಡು ಫೋಟೊ ತೆಗೆಯುತ್ತಿದ್ದರು. ಇನ್ನೊಂದು ಮಾತು, ತುಂಡಿನಲ್ಲಿ ಚರ್ಮ ಮತ್ತು ಕೊಬ್ಬು ಇರಲೇಬೇಕು. ಬರೀ ಮಾಂಸದ ತುಂಡು ಬೇಕು ಅಂತ ಕೇಳಿದರೆ ಒಣಗಿದ ನಾರು ಸಿಗುತ್ತದೆ.

ಕಾಲವನ್ನೂ ನೋಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ನಮಗೆ ಕಕ್ಕಡ ತಿಂಗಳು. ಎಳೆ ಕಣಿಲೆ (ಬಿದಿರಿನ ಮೊಳಕೆ), ಅಣಬೆ ಇವೆಲ್ಲ ಮಳೆಗಾಲದ್ದು. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿಟ್ಟು ಆಮೇಲೆ ಮಾಡಬೇಕು, ಇಲ್ಲದಿದ್ದರೆ ಕಹಿ. ಮಾರ್ಚಿನಲ್ಲಿ ಬಂದು ಬೈಂಬಳೆ ಕರಿ, ಅಂದರೆ ಕಣಿಲೆ ಕರಿ, ಕೇಳಿದರೆ ಉಪ್ಪುನೀರಿನಲ್ಲಿ ಇಟ್ಟದ್ದು ಬರುತ್ತದೆ. ಅದೂ ತಿನ್ನಬಹುದು, ಆದರೆ ಫ್ರೆಶ್ ಅಂತ ಹೇಳಿದರೆ ನಂಬಬೇಡಿ. ಆಗಸ್ಟ್ 3ರ ಹೊತ್ತಿಗೆ ಬಂದರೆ ಮದ್ದು ಸೊಪ್ಪಿನ ಪಾಯಸ ಎಲ್ಲಾದರೂ ಸಿಗುತ್ತದಾ ಕೇಳಿ. ಬಣ್ಣ ನೇರಳೆ, ವಾಸನೆ ಬೇರೆ ಯಾವುದರಲ್ಲೂ ಇಲ್ಲದ್ದು. ತಿಂದ ಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ.

ಸಸ್ಯಾಹಾರಿಗಳ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಮತ್ತು ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಕೇಳಲಿ, ಮೇಲೆ ಸ್ವಲ್ಪ ತುಪ್ಪ. ಇದು ಮೈಸೂರು ಕಡೆ ಈರುಳ್ಳಿ, ಸಬ್ಬಸಿಗೆ ಹಾಕಿ ತಟ್ಟುವ ರೊಟ್ಟಿಯಲ್ಲ. ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ನಾದಿ ಮಾಡುವುದು, ಬಿಳಿ, ಮೃದು. ಕುಂಬಳಕಾಯಿ ಕರಿ ಇದ್ದರೆ ಇನ್ನೂ ಒಳ್ಳೆಯದು. ಅಕ್ಕಿ ತರಿಗೆ ಹಾಲು, ತೆಂಗಿನಕಾಯಿ ಹಾಕಿ ಬೇಯಿಸಿದ ಪಾಪುಟ್ಟು ಮಕ್ಕಳಿಗೂ ಇಷ್ಟವಾಗುತ್ತದೆ. ಕಾಡು ಮಾವಿನ ಕರಿ ಇದ್ದರೆ ಬಿಡಲೇಬೇಡಿ. ಸಣ್ಣ ಹಣ್ಣನ್ನು ಇಡಿಯಾಗಿ ಬೆಲ್ಲ, ಖಾರದಲ್ಲಿ ಬೇಯಿಸಿರುತ್ತಾರೆ, ಚಮಚ ಬದಿಗಿಟ್ಟು ಕೈಯಲ್ಲೇ ಹಿಡಿದು ಗೊರಟು ಚೀಪಬೇಕು. ನನಗೆ ಪಂದಿ ಕರಿಗಿಂತಲೂ ಇದೇ ಪ್ರೀತಿ, ನಮ್ಮವರು ಒಪ್ಪುವುದಿಲ್ಲ, ಇರಲಿ.

ಎಲ್ಲಿ ತಿನ್ನಬೇಕು? ಆನ್‌ಲೈನ್ ರೇಟಿಂಗಿನ ಸ್ಟಾರ್ ನೋಡಿ ಹೋಗಬೇಡಿ. ಅಲ್ಲಿ ಅರ್ಧ ಜನ ಕಿಟಕಿಯಿಂದ ಕಾಣುವ ಬೆಟ್ಟಕ್ಕೆ, ಪಾರ್ಕಿಂಗಿಗೆ ಮಾರ್ಕು ಕೊಟ್ಟಿರುತ್ತಾರೆ. ಮಡಿಕೇರಿಯಲ್ಲೇ ಒಳ್ಳೆಯ ಜಾಗಗಳಿವೆ, ಆದರೆ ಶನಿವಾರ, ಭಾನುವಾರ ರಶ್ಶಿನಲ್ಲಿ ಅವರ ಕೈಯೂ ಸೋಲುತ್ತದೆ. ಆಗುವುದಾದರೆ ಒಂದು ಮಧ್ಯಾಹ್ನ ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಬನ್ನಿ. ಸಂತೆ ದಿನವಾದರೆ ತೋಟದಿಂದ ಬಂದವರು ಎಲ್ಲಿ ಕೂತು ಉಣ್ಣುತ್ತಾರೆ ನೋಡಿ, ಅಲ್ಲಿಗೇ ಹೋಗಿ. ಮೇಜು ಸಣ್ಣದು, ಎಸಿ ಇರುವುದಿಲ್ಲ, ಪರವಾಗಿಲ್ಲ ಅಲ್ವಾ? ಇದಲ್ಲದೆ ಇಲ್ಲಿ ಕೇರಳದವರ ಹೋಟೆಲುಗಳ ಪರೋಟ, ಮೀನು ಕರಿಯೂ ಚೆನ್ನಾಗಿರುತ್ತದೆ. ಕುಶಾಲನಗರದಿಂದ ಹೊಳೆ ದಾಟಿದರೆ ಬೈಲಕುಪ್ಪೆ, ಅದು ಮೈಸೂರು ಜಿಲ್ಲೆ, ಅಲ್ಲಿ ಟಿಬೆಟಿನವರ ಮೊಮೊ, ತುಕ್ಪಾ (ನೂಡಲ್ಸ್ ಸೂಪ್) ಸಿಗುತ್ತದೆ. ವಾಪಸ್ ಹೋಗುವ ದಿನಕ್ಕೆ ಅದನ್ನು ಇಟ್ಟುಕೊಳ್ಳಿ.

ಕಾಫಿ ಕೇಳುವಾಗ ಬೆಲ್ಲದ ಕಾಫಿ ಇದೆಯಾ ಅಂತ ಕೇಳಿ. ಹಾಲಿಲ್ಲದೆ, ಬೆಲ್ಲ ಹಾಕಿ ತೋಟದ ಮನೆಗಳಲ್ಲಿ ಕುಡಿಯುವುದು ಅದು.

ಹೋಟೆಲ್ ಆರಿಸಿಕೊಂಡ ಮೇಲೆ ಹಿಂದಿನ ದಿನವೇ ಫೋನ್ ಮಾಡಿ, ಕಡಂಬುಟ್ಟು ಎಷ್ಟು ಹೊತ್ತಿಗೆ ಹಬೆಯಿಂದ ಇಳಿಸುತ್ತೀರಿ ಅಂತ ಕೇಳಿ, ಆ ಹೊತ್ತಿಗೇ ಹೋಗಿ ಕೂರಿ. ಪಂದಿ ಕರಿ ಮೊದಲು ಒಂದೇ ಪ್ಲೇಟ್ ಹೇಳಿ. ಹುಳಿ ಸರಿಯಿದ್ದರೆ ಎರಡನೆಯದು.