ಸೂಜಿ ಚುಚ್ಚಿದರೆ ಬೆರಳು ಹಿಂಡಬೇಡಿ, ಓಡಿ ಹೋಗಿ ಹೇಳಿ

ಪ್ರಶ್ನೆ: ನಾನು ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ರೋಗಿಯ ರಕ್ತ ತೆಗೆದು ಸೂಜಿಗೆ ಕ್ಯಾಪ್ ಹಾಕುವಾಗ ಬೆರಳಿಗೆ ಚುಚ್ಚಿತು. ಹಿಂಡಿ ರಕ್ತ ತೆಗೆದು ಸ್ಪಿರಿಟ್ ಹಚ್ಚಿದೆ. ಹೆಪಟೈಟಿಸ್ ಲಸಿಕೆ ಹಾಕಿಸಿಲ್ಲ. ಯಾರಿಗೂ ಹೇಳಿಲ್ಲ. ಇಷ್ಟು ಸಾಕಾ?

ಉತ್ತರ: ಸಾಲದು. ನಿಮ್ಮ ಪತ್ರ ನನ್ನ ಕೈ ಸೇರುವ ಹೊತ್ತಿಗೆ ನಾಲ್ಕು ದಿನ ಆಗಿತ್ತು. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು 2 ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಶುರು ಮಾಡಬೇಕು. 28 ದಿನ ತಪ್ಪದೆ ನುಂಗಬೇಕು. ನಿಮಗೆ ಆ ಗಡುವು ದಾಟಿತ್ತು. ಅದಕ್ಕೇ ಈ ಅಂಕಣಕ್ಕೆ ಕಾಯದೆ ಅಂದೇ ಉತ್ತರ ಕಳಿಸಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ. ಇದೇ ಪ್ರಶ್ನೆ ಪದೇ ಪದೇ ಬರುತ್ತದೆ, ಪ್ರತಿ ಸಲವೂ ‘ಯಾರಿಗೂ ಹೇಳಿಲ್ಲ’ ಎಂಬ ಮಾತು ಇದ್ದೇ ಇರುತ್ತದೆ. ಓದಿದಾಗೆಲ್ಲ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತರ ರಕ್ತದ ಸೂಜಿ ಚುಚ್ಚಿದರೆ ಅದು ಅಂಟುವ ಸಾಧ್ಯತೆ ಸುಮಾರು 0.3%. ಲಸಿಕೆ ಇಲ್ಲದವರಿಗೆ ಕಾಮಾಲೆ ತರುವ ಹೆಪಟೈಟಿಸ್ ಬಿ ಅಂಟುವ ಸಾಧ್ಯತೆ 30%ವರೆಗೂ ಹೋಗುತ್ತದೆ. ಲಸಿಕೆ ಇರುವುದು ಇದಕ್ಕೇ, ಜನ ಹಾಕಿಸಿಕೊಳ್ಳದೆ ಬಿಡುವುದೂ ಇದನ್ನೇ. ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿಲ್ಲವಾದರೆ ಇಮ್ಯುನೋಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಇಂಜೆಕ್ಷನ್ ಬೇಕಾಗುತ್ತದೆ. ಅದು 24 ಗಂಟೆಯೊಳಗೆ ಆದರೆ ಒಳ್ಳೆಯದು, 7 ದಿನದವರೆಗೂ ಕೊಡುತ್ತಾರೆ. ಜೊತೆಗೇ ಲಸಿಕೆಯ ಮೊದಲ ಡೋಸ್. ನಿಮಗೆ ಉಳಿದಿದ್ದ ದಾರಿ ಇದು.

ಹಿಂಡಿದರೆ ವೈರಸ್ ಹೊರಗೆ ಬರಲ್ಲ, ಗಾಯ ಜಾಸ್ತಿಯಾಗುತ್ತದೆ. ಸ್ಪಿರಿಟ್, ಬ್ಲೀಚ್ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ. ರೋಗಿಯ ಒಪ್ಪಿಗೆ ಪಡೆದು ಅವರ ರಕ್ತ, ಜೊತೆಗೆ ನಿಮ್ಮದೂ ಪರೀಕ್ಷೆಗೆ ಹೋಗಲಿ. ಬೈತಾರೆ ಅಂತ ಹೆದರಿಕೆನಾ? ಎಚ್‌ಐವಿ ತಡೆಯುವ ಆ ಮಾತ್ರೆ ಒದಗಿಸುವುದು ಆಸ್ಪತ್ರೆಯ ಹೊಣೆ ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಎಡಗೈಯಲ್ಲಿ ಕ್ಯಾಪ್, ಬಲಗೈಯಲ್ಲಿ ಸಿರಿಂಜ್. ಕೂದಲೆಳೆಯಷ್ಟು ತಪ್ಪಿದರೂ ಸೂಜಿ ನೇರ ತೋರುಬೆರಳಿಗೆ. ಗ್ಲೌಸಿನೊಳಗೆ ಸಾಸಿವೆಕಾಳಿನಷ್ಟು ಕೆಂಪು ಚುಕ್ಕಿ. ನನ್ನ ಬೆರಳಲ್ಲೂ ಒಮ್ಮೆ ಅದನ್ನು ನೋಡಿದ್ದೇನೆ, ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಕ್ಯಾಪ್ ಹಾಕಲೇಬೇಡಿ. ಬಳಸಿದ ಸೂಜಿ ಕತ್ತರಿಸುವ ಹಬ್ ಕಟರ್ ಟ್ರೇ ಪಕ್ಕದಲ್ಲೇ ಇರಲಿ. ವಾರ್ಡಿನ ಆ ತುದಿಯಲ್ಲಿಟ್ಟರೆ ಅವಸರದಲ್ಲಿ ಯಾರು ಹೋಗುತ್ತಾರೆ?

ಪ್ರಶ್ನೆ: ಟಿಬಿ ವಾರ್ಡಿಗೆ ಸರ್ಜಿಕಲ್ ಮಾಸ್ಕ್ ಸಾಕಲ್ವಾ?

ಉತ್ತರ: ಅದು ಕೆಮ್ಮುವ ರೋಗಿಗೆ. ನಿಮಗೆ ಎನ್‌95.

ಪ್ರಶ್ನೆ: ನಾಟಿ ಔಷಧಿ ಕುಡಿದರೆ ಕಾಮಾಲೆ ಹತ್ತಿರ ಬರಲ್ಲವಂತೆ, ನಿಜವಾ?

ಉತ್ತರ: ಸುಳ್ಳು. ಕಷಾಯ ಮಾರುವವನ ಹತ್ತಿರ ಸುಮ್ನೆ ದುಡ್ಡು ಕಳೆಯಬೇಡಿ. ಆರು ತಿಂಗಳಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿ. ಆಮೇಲೆ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ರಕ್ತದಲ್ಲಿ ಪ್ರತಿಕಾಯದ ಮಟ್ಟ, 10 ಮುಟ್ಟಿದೆಯಾ ಅಂತ ನೋಡಿಸಿ.