ಚಾಕೊಲಿ ಕುಡಿಯಲೇಬೇಕಾ? ಎತ್ತರದಿಂದ ಸುರಿಯುವುದು ಬರೀ ಶೋಕಿಯಾ?

ನೀವು ಕೇಳಿರುವುದು ಮೂರು ವಿಷಯ. ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್‌ಗೆ ಹೋದಾಗ ಚಾಕೊಲಿ ಎಂಬ ಬಿಳಿ ವೈನ್ ಕುಡಿಯಲೇಬೇಕಾ, ಅದನ್ನು ಎತ್ತರದಿಂದ ಸುರಿಯುವುದು ಪ್ರವಾಸಿಗರ ಮುಂದಿನ ಶೋಕಿಯಾ, ಬಾಟಲಿಯನ್ನು ಬೆಂಗಳೂರಿಗೆ ತರಬಹುದಾ. ಖಂಡಿತ ಕುಡಿಯಿರಿ. ಶೋಕಿ ಅರ್ಧ, ಕಾರಣ ಅರ್ಧ. ತರಬಹುದು, ಆದರೆ ವಿಶೇಷ ದಿನಕ್ಕೆಂದು ಎತ್ತಿಡಬೇಡಿ. ಕೆಲಸದ ಮೇಲೆ ಕೆಲಕಾಲ ಅದೇ ಸೀಮೆಯ ಬಿಲ್ಬಾವೊ ನಗರದಲ್ಲಿದ್ದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬರಿಬಾಯಲ್ಲಿ ಕುಡಿದರೆ ಚಾಕೊಲಿ ಸುಲಭಕ್ಕೆ ಒಲಿಯುವ ವೈನ್ ಅಲ್ಲ. ಹಸಿರು ಸೇಬು, ನಿಂಬೆ ಸಿಪ್ಪೆಯ ಪರಿಮಳ, ನಾಲಿಗೆಯ ಅಂಚು ಜುಮ್ಮೆನ್ನಿಸುವ ಹುಳಿ, ಕೊನೆಗೆ ಒಂಚೂರು ಉಪ್ಪುಪ್ಪು. ಸಿಹಿ ಹೆಸರಿಗೂ ಇಲ್ಲ. ಹೋಟೆಲ್ ರೂಮಿನಲ್ಲಿ ಬಾಟಲಿ ಬಿಚ್ಚಿ ಅದೊಂದನ್ನೇ ಕುಡಿದವರು 'ಇಷ್ಟಕ್ಕೇ ಅಷ್ಟೊಂದು ಹೊಗಳಿಕೆಯಾ' ಅನ್ನುವುದು ಸಹಜ. ನನಗೆ ಅದರ ರುಚಿ ಹತ್ತಿದ್ದು ಸ್ಯಾನ್ ಸೆಬಾಸ್ಟಿಯನ್ ಹಳೇ ಪೇಟೆಯ ಬಾರೊಂದರಲ್ಲಿ, ಗಿಲ್ದಾ ಜೊತೆ. ಒಂದು ಕಡ್ಡಿಗೆ ಹಸಿರು ಆಲಿವ್, ಉಪ್ಪಿನಲ್ಲಿ ಹದ ಮಾಡಿ ಎಣ್ಣೆಯಲ್ಲಿಟ್ಟ ಆಂಚೊವಿ ಮೀನು, ವಿನೆಗರ್‌ನಲ್ಲಿ ನೆನೆದ ತೆಳ್ಳನೆಯ ಹಸಿಮೆಣಸಿನಕಾಯಿ ಚುಚ್ಚಿದರೆ ಅದೇ ಗಿಲ್ದಾ. ಕಚ್ಚಿ ಕಚ್ಚಿ ತಿನ್ನುವಂತಿಲ್ಲ, ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕು. ಉಪ್ಪು, ಎಣ್ಣೆ, ವಿನೆಗರ್ ಮೂರೂ ಬಾಯಿ ತುಂಬಿರುವಾಗ ತಣ್ಣನೆಯ ಚಾಕೊಲಿ ಒಂದು ಗುಟುಕು ಇಳಿಯಿತೋ, ಜಿಡ್ಡು ಮಾಯ. ಅಲ್ಲಿಯತನಕ ಕಾಡುತ್ತಿದ್ದ ಹುಳಿ ಹಿಂದೆ ಸರಿದು ಹಣ್ಣಿನ ಪರಿಮಳ ಮುಂದೆ ಬರುತ್ತದೆ. ಕೈ ತಾನಾಗಿ ಇನ್ನೊಂದು ಕಡ್ಡಿಯ ಕಡೆ ಹೋಗುತ್ತದೆ. ಊಟವಿಲ್ಲದೆ ಈ ವೈನಿಗೆ ಅರ್ಥವಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆ ಹುಳಿಗೆ ಕಾರಣ ಅಲ್ಲಿನ ಹವೆ. ಸ್ಪೇನ್ ಅಂದರೆ ಬಿಸಿಲು, ಒಣ ನೆಲ ಅಂದುಕೊಂಡು ಹೋದರೆ ಈ ಊರುಗಳಿರುವ ಉತ್ತರದ ಬಾಸ್ಕ್ ಕರಾವಳಿ ನಿಮ್ಮನ್ನು ಮೋಸ ಮಾಡುತ್ತದೆ. ಅಟ್ಲಾಂಟಿಕ್‌ನ ಬಿಸ್ಕೆ ಕೊಲ್ಲಿಯಿಂದ ಬರುವ ಮೋಡ, ವರ್ಷವಿಡೀ ಮಳೆ, ಎಲ್ಲಿ ನೋಡಿದರೂ ಹಸಿರು. ಅಲ್ಲಿನ ಮುಖ್ಯ ದ್ರಾಕ್ಷಿ ಒಂದರಬಿ ಸುರಿ ಎಂಬ ಬಿಳಿ ತಳಿ. ಬಿಸಿಲು ಕಡಿಮೆಯಾದ್ದರಿಂದ ಹಣ್ಣಿನಲ್ಲಿ ಸಕ್ಕರೆ ಹೆಚ್ಚು ಕೂಡುವುದಿಲ್ಲ, ಹುಳಿ ಇಳಿಯುವುದಿಲ್ಲ. ಸಕ್ಕರೆ ಕಡಿಮೆ ಇದ್ದಷ್ಟೂ ಆಲ್ಕೋಹಾಲ್ ಕಡಿಮೆ, ಸಾಮಾನ್ಯವಾಗಿ ಶೇಕಡ 11ರ ಆಸುಪಾಸು. ಗೆತಾರಿಯಾ ಊರಿನ ಗುಡ್ಡಗಳಲ್ಲಿ ಬಳ್ಳಿಯನ್ನು ಆಳೆತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ಗೊಂಚಲು ನೆಲದ ತೇವದಿಂದ ದೂರ ಇರಲಿ, ಕೆಳಗೆ ಗಾಳಿಯಾಡಲಿ, ಬೂಷ್ಟು ಹಿಡಿಯದಿರಲಿ ಅಂತ. ಚಪ್ಪರದಡಿ ನಿಂತರೆ ಎಲೆಗಳ ಸಂದಿಯಿಂದ ಕೆಳಗೆ ಸಮುದ್ರ ಕಾಣುತ್ತದೆ.

ಚಾಕೊಲಿಯಲ್ಲಿ ಸಣ್ಣಗೆ ಗುಳ್ಳೆಯೂ ಇರುತ್ತದೆ, ಅದರ ಗುಟ್ಟು ದೊಡ್ಡದೇನಲ್ಲ. ರಸ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಬೇರೆ ಬಹುತೇಕ ವೈನ್‌ಗಳಲ್ಲಿ ಅದನ್ನು ಹೋಗಲು ಬಿಡುತ್ತಾರೆ. ಇಲ್ಲಿ ಸ್ಟೀಲ್ ಟ್ಯಾಂಕನ್ನು ತಂಪಾಗಿಟ್ಟು, ತಳದ ಯೀಸ್ಟ್ ಗಸಿಯ ಮೇಲೇ ವೈನನ್ನು ಉಳಿಸಿ, ಹೆಚ್ಚು ಅಲುಗಾಡಿಸದೆ ಬಾಟಲಿಗೆ ತುಂಬುತ್ತಾರೆ. ತಣ್ಣನೆಯ ದ್ರವದಲ್ಲಿ ಅನಿಲ ಚೆನ್ನಾಗಿ ಕರಗಿರುತ್ತದೆ, ಹಾಗಾಗಿ ಒಂದಿಷ್ಟು ಒಳಗೇ ಉಳಿಯುತ್ತದೆ. ಶಾಂಪೇನ್‌ನ ಅಬ್ಬರ ನಿರೀಕ್ಷಿಸಬೇಡಿ, ನಾಲಿಗೆಗೆ ಕಚಗುಳಿ ಇಡುವಷ್ಟೇ.

ಈಗ ಸುರಿಯುವ ವಿಷಯ. ಬಾರಿನವನು ಬಾಟಲಿಯ ಬಾಯಿಗೆ ಸಣ್ಣದೊಂದು ಮೂತಿ ಸಿಕ್ಕಿಸುತ್ತಾನೆ. ಬಾಟಲಿ ಹಿಡಿದ ಕೈ ತಲೆಯ ಮಟ್ಟಕ್ಕೆ, ಅಗಲ ಬಾಯಿಯ ಗಾಜಿನ ಲೋಟ ಸೊಂಟದ ಹತ್ತಿರ. ದಾರದಷ್ಟು ತೆಳು ಧಾರೆ ಲೋಟದ ಗೋಡೆಗೆ ಬಡಿದು ಬೆಳ್ಳಗೆ ನೊರೆಯೇಳುತ್ತದೆ, ನಾಲ್ಕು ಹನಿ ಕೌಂಟರಿನ ಮೇಲೂ ಬೀಳುತ್ತದೆ. ಹಾಕುವುದು ಎರಡು ಬೆರಳಿನಷ್ಟು ಮಾತ್ರ. ಹೀಗೆ ಬಿದ್ದಾಗ ಕರಗಿದ್ದ ಅನಿಲ ಒಂದಷ್ಟು ಹೊರಬಂದು ವೈನಿನ ಚುರುಕು ತುಸು ತಗ್ಗುತ್ತದೆ, ಪರಿಮಳ ಮೇಲೇಳುತ್ತದೆ. ನೊರೆ ಇಳಿಯುವುದರೊಳಗೆ ಕುಡಿದು ಮುಗಿಸಲೆಂದೇ ಹಾಕುವುದು ಸ್ವಲ್ಪ. ತಲೆಗಿಂತ ಮೇಲೆ ಎತ್ತಿ, ಬೇರೆಲ್ಲೋ ನೋಡುತ್ತಾ ಸುರಿದರೆ ಅದು ನಿಮ್ಮ ಮೊಬೈಲ್ ಕ್ಯಾಮೆರಾಗೆ ಅಂದುಕೊಳ್ಳಿ. ಇತ್ತೀಚೆಗೆ ಗಸಿಯ ಮೇಲೆ ತಿಂಗಳುಗಟ್ಟಲೆ ಇಟ್ಟು ಮೈತುಂಬಿದ ಚಾಕೊಲಿ ಮಾಡುವವರೂ ಇದ್ದಾರೆ. ಅದನ್ನು ಕಾಲಿರುವ ಮಾಮೂಲಿ ವೈನ್ ಗ್ಲಾಸಿನಲ್ಲಿ ನಿಧಾನಕ್ಕೆ ಕುಡಿಯುವುದೇ ಸರಿ.

ಚಾಕೊಲಿ ಒಂದು ಕಾಲಕ್ಕೆ ತೋಟದ ಮನೆಗಳಲ್ಲಿ ಮನೆಮಟ್ಟಿಗೆ ಮಾಡಿಕೊಳ್ಳುತ್ತಿದ್ದ ಹುಳಿ ವೈನ್. ಮರ್ಯಾದೆ ಸಿಕ್ಕಿದ್ದು ತಡವಾಗಿ. ನಮ್ಮ ನಂಜನಗೂಡು ರಸಬಾಳೆಗೆ ಜಿಐ ಮಾನ್ಯತೆ ಇರುವ ಹಾಗೆ ಇದರ ಹೆಸರಿಗೂ ಕಾನೂನಿನ ರಕ್ಷಣೆ ಇದೆ, ಅದೂ ಮೂರು ಕಡೆಗೆ ಬೇರೆ ಬೇರೆ: ಗೆತಾರಿಯಾದ್ದಕ್ಕೆ 1989ರಲ್ಲಿ, ಬಿಸ್ಕಾಯದ್ದಕ್ಕೆ 1994ರಲ್ಲಿ, ಒಳನಾಡಿನ ಅರಾಬಾದ್ದಕ್ಕೆ 2001ರಲ್ಲಿ. ಗುಳ್ಳೆ ಬೇಕಿದ್ದರೆ ಗೆತಾರಿಯಾದ್ದನ್ನೇ ಕೇಳಿ. ಬಿಲ್ಬಾವೊ ಸುತ್ತಲಿನ ಬಿಸ್ಕಾಯದ್ದರಲ್ಲಿ ಗುಳ್ಳೆ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಅದನ್ನು ಎತ್ತರದಿಂದ ಸುರಿದು ಪ್ರಯೋಜನವೂ ಇಲ್ಲ. ಅಂದಹಾಗೆ ಲೇಬಲ್ ಮೇಲೆ ಹೆಸರು ಟಿ, ಎಕ್ಸ್ ಅಕ್ಷರಗಳಿಂದ ಶುರುವಾಗುತ್ತದೆ, ಅಂಗಡಿಯಲ್ಲಿ 'ಸಿ' ಹುಡುಕುತ್ತಾ ನಿಲ್ಲಬೇಡಿ.

ಅರ್ಧ ದಿನ ಬಿಡುವಿದ್ದರೆ ಸ್ಯಾನ್ ಸೆಬಾಸ್ಟಿಯನ್‌ನಿಂದ ಯೂಸ್ಕೊಟ್ರೆನ್ ರೈಲು ಹಿಡಿದು ಸರೌತ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಗೆತಾರಿಯಾಗೆ ಸಮುದ್ರದ ಪಕ್ಕದಲ್ಲೇ ಕಾಲುದಾರಿ ಇದೆ. 1522ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಬಂದ ಹಡಗಿನ ನಾಯಕ ಎಲ್ಕಾನೊ ಹುಟ್ಟಿದ ಊರು ಅದು. ನನ್ನನ್ನು ಕೇಳಿದರೆ ಅವನ ಪ್ರತಿಮೆಗಿಂತ ಬಂದರಿನ ಬಳಿ ಹೋಟೆಲ್‌ಗಳ ಹೊರಗಿಟ್ಟ ಕೆಂಡದ ಒಲೆಗಳನ್ನು ನೋಡಬೇಕು. ತಂತಿಯ ಜಾಳಿಗೆಯಲ್ಲಿ ಟರ್ಬಟ್ ಎಂಬ ಅಗಲ ಮೀನನ್ನು ಇಡಿಯಾಗಿ ಬಿಗಿದು ಸುಡುತ್ತಾರೆ. ದುಬಾರಿ, ಆದರೆ ಇಬ್ಬರು ಮೂವರು ಸೇರಿದರೆ ಪರವಾಗಿಲ್ಲ. ನೀವು ಸಸ್ಯಾಹಾರಿಯಾದರೆ ಗೆರ್ನಿಕಾದ ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿ ಕೊಡುತ್ತಾರೆ, ಖಾರ ಇರುವುದಿಲ್ಲ, ಚಾಕೊಲಿಗೆ ಹೇಳಿ ಮಾಡಿಸಿದ್ದು. ಇದಿಯಾಸಾಬಲ್ ಚೀಸ್ ಕೂಡ ಹೊಂದುತ್ತದೆ. ಆದರೆ ಅದರ ಹಾಲು ಒಡೆಸಲು ಸಾಂಪ್ರದಾಯಿಕವಾಗಿ ಬಳಸುವುದು ಕುರಿಮರಿಯ ಹೊಟ್ಟೆಯ ಕಿಣ್ವ, ಕಟ್ಟುನಿಟ್ಟಿನವರು ನೋಡಿಕೊಳ್ಳಿ.

ಇನ್ನು ತರುವುದು. ಸುಂಕವಿಲ್ಲದೆ ಒಬ್ಬರು ಎರಡು ಲೀಟರ್ ಮದ್ಯ ತರಬಹುದು, ಅಂದರೆ ಮುಕ್ಕಾಲು ಲೀಟರಿನ ಎರಡು ಬಾಟಲಿ. ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್ ಲಗೇಜಿನಲ್ಲಿ ಹಾಕಿ. ಕೊಳ್ಳುವಾಗ ಲೇಬಲ್ ಮೇಲಿನ ವರ್ಷ ನೋಡಿ, ತೀರಾ ಹೊಸದನ್ನೇ ಆರಿಸಿ. ಗೆತಾರಿಯಾದಲ್ಲಿ ಹೊಸ ವೈನ್ ಹೊರತರುವ ಹಬ್ಬ ಜನವರಿ 17ರ ಸ್ಯಾನ್ ಆಂಟನ್ ದಿನ. ಗುಳ್ಳೆಯ ಮಾಮೂಲಿ ಚಾಕೊಲಿಯನ್ನು ಆ ವರ್ಷದೊಳಗೇ ಕುಡಿದು ಮುಗಿಸುವುದು ಲೇಸು. ಮನೆಗೆ ಬಂದ ಮೇಲೆ ಫ್ರಿಜ್‌ನಲ್ಲಿ ಚೆನ್ನಾಗಿ ತಣಿಸಿ, ಖಾರ ಹದವಾಗಿರುವ ಕಾಣೆ ರವಾ ಫ್ರೈ ಜೊತೆ ತೆಗೆಯಿರಿ. ಬಂಗುಡೆ ಪುಳಿಮುಂಚಿ ಜೊತೆ ಮಾತ್ರ ಬೇಡ. ಆ ಖಾರಕ್ಕೆ ಈ ಹುಳಿ, ಗುಳ್ಳೆ ಸೇರಿದರೆ ಬಾಯಿ ಉರಿಯುತ್ತದೆಯೇ ಹೊರತು ವೈನಿನ ರುಚಿ ಗೊತ್ತಾಗುವುದಿಲ್ಲ.